ಎಂಆರ್‌ಐ ಮಾಡಿಸಿದರೆ ಸ್ಕಿಜೋಫ್ರೇನಿಯಾ ಗೊತ್ತಾಗುತ್ತದೆಯೇ?

ಪ್ರಶ್ನೆ: ಯಾರೂ ಇಲ್ಲದಾಗಲೂ ನನ್ನ ತಮ್ಮನಿಗೆ ಮಾತುಗಳು ಕೇಳಿಸುತ್ತವಂತೆ. ಮೆದುಳಿನ ಸ್ಕ್ಯಾನ್ ಮಾಡಿಸಿದರೆ ಸ್ಕಿಜೋಫ್ರೇನಿಯಾ ಹೌದೋ ಅಲ್ಲವೋ ತಿಳಿಯುತ್ತದೆಯೇ?
– ಓದುಗರೊಬ್ಬರು, ಹೊಳೆಆಲೂರು

ಉತ್ತರ: ಇವತ್ತಿಗೆ ತಿಳಿಯುವುದಿಲ್ಲ. ವೈದ್ಯರು ಸ್ಕ್ಯಾನ್ ಬರೆದುಕೊಟ್ಟರೆ ಅದು ಗಡ್ಡೆ, ಮೆದುಳಿನ ಸೋಂಕಿನಂಥ ಬೇರೆ ಕಾರಣ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಲು.

ಸ್ಕ್ಯಾನ್‌ನಿಂದಲೇ ಕಾಯಿಲೆ ಪತ್ತೆಹಚ್ಚುವ ಪ್ರಯತ್ನ ನಮ್ಮ ನಾಡಿನ ರೋಗಿಗಳ ಮೇಲೇ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೆಗೆದ, ಇನ್ನೂ ಔಷಧಿ ಶುರುಮಾಡದ 81 ರೋಗಿಗಳ ಮತ್ತು 93 ಆರೋಗ್ಯವಂತರ ಎಫ್‌ಎಂಆರ್‌ಐ (ಮೆದುಳು ಕೆಲಸ ಮಾಡುವ ಬಗೆಯನ್ನು ತೋರಿಸುವ ಎಂಆರ್‌ಐ) ಚಿತ್ರಗಳನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸುನಿಲ್ ಕಲ್ಮಾಡಿ ಮತ್ತು ಸಂಗಡಿಗರು ಕಂಪ್ಯೂಟರಿನಿಂದ ವಿಂಗಡಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ: ಶೇ 87ರಷ್ಟು ಸರಿ. ಮೆಚ್ಚಬೇಕಾದ ಕೆಲಸವೇ. ಆದರೆ ಅಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ರೋಗಿಗಳೇ ಇದ್ದರು. ಊರಿನ ಸಾವಿರ ಮಂದಿಯಲ್ಲಿ ಈ ಕಾಯಿಲೆಯವರು ಹತ್ತು ಜನವೂ ಸಿಗಲಿಕ್ಕಿಲ್ಲ. ನೂರಕ್ಕೆ ಹದಿಮೂರು ತಪ್ಪುವ ಯಂತ್ರ ಅಲ್ಲಿ ನೂರಕ್ಕೂ ಹೆಚ್ಚು ಆರೋಗ್ಯವಂತರಿಗೆ ರೋಗಿಯೆಂಬ ಹಣೆಪಟ್ಟಿ ಹಚ್ಚುತ್ತದೆ! ಇನ್ನು ವೈದ್ಯರ ಮುಂದಿರುವ ನಿಜವಾದ ತೊಡಕು ಬೇರೆ: ಇದು ಸ್ಕಿಜೋಫ್ರೇನಿಯಾವೋ, ಬೈಪೋಲಾರ್ ಕಾಯಿಲೆಯೋ, ಕುಡಿತದ ಪರಿಣಾಮವೋ? ಆರೋಗ್ಯವಂತರೊಂದಿಗೆ ಮಾತ್ರ ಹೋಲಿಸಿದ ಪ್ರಯೋಗ ಅದಕ್ಕೆ ಉತ್ತರ ಕೊಡದು.

ಸ್ಕ್ಯಾನ್‌ಗೆಂದು ದುಡ್ಡು ಕೂಡಿಸುತ್ತ ಕೂರಬೇಡಿ. ಬೇಗ ಚಿಕಿತ್ಸೆ ಶುರುವಾದಷ್ಟೂ ಒಳ್ಳೆಯದು. ತಮ್ಮನನ್ನು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ನೀವೂ ಜೊತೆಗಿರಿ. ಮಾತು ಕೇಳಿಸತೊಡಗಿದ್ದು ಯಾವಾಗ, ನಿದ್ದೆ ಹೇಗಿದೆ, ಕೆಲಸ ಬಿಟ್ಟಿದ್ದಾನೆಯೇ ಎಂಬುದನ್ನೆಲ್ಲ ಹೇಳಿ; ರೋಗನಿರ್ಣಯ ನಿಂತಿರುವುದು ಆ ವಿವರಗಳ ಮೇಲೆಯೇ. ಅಷ್ಟರಲ್ಲಿ ಸಲಹೆ ಬೇಕೆನಿಸಿದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.