ಗುಡ್ಡದ ಓಟಕ್ಕೆ ನಿಜ ಹೇಳುವ ನಾಡಿ: ಕೈಗಡಿಯಾರವೋ, ಎದೆಪಟ್ಟಿಯೋ?

ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಓಡುವವರ ಕಾಲಿಗೆ ಸಪಾಟು ನೆಲ ಹೆಚ್ಚು ಹೊತ್ತು ಸಿಗುವುದಿಲ್ಲ. ರೇಣುಕಾಂಬೆಯ ಗುಹೆಯ ಗುಡಿಗೆ ಹೋಗಲು ಮೆಟ್ಟಿಲು ಏರಬೇಕು. ಅಲ್ಲಿಂದಾಚೆ ಹಳೆಯ ಕೋಟೆಯ ಕಡೆಗೆ ಹೊರಟರೆ ಬಂಡೆ, ಬೇರು, ಕುರುಚಲು ಗಿಡಗಳ ನಡುವಿನ ಕಾಲುದಾರಿ. ಗುಡ್ಡದಿಂದ ದೂರ ಸರಿದು ರಸ್ತೆಗೆ ಇಳಿದರೂ ಏರು, ಇಳಿಜಾರು, ತಿರುವು ತಪ್ಪುವುದಿಲ್ಲ. ಇಂಥ ನೆಲದಲ್ಲಿ ವೇಗದ ಅಂಕಿ ಓಟಗಾರರ ಕೈಹಿಡಿಯುವುದಿಲ್ಲ. ಬಯಲಿನಲ್ಲಿ ಕಿಲೋಮೀಟರಿಗೆ ಆರು ನಿಮಿಷದ ಓಟವೆಂದರೆ ಮಾತಾಡುತ್ತಾ ಓಡಬಹುದಾದ ಓಟ ಎಂದು ಗೊತ್ತಿರುವ ಹುಡುಗನೊಬ್ಬ ಏರಿನಲ್ಲಿಯೂ ಅದೇ ವೇಗ ಹಿಡಿಯಲು ಹೋದರೆ ಸ್ವಲ್ಪ ಹೊತ್ತಿಗೇ ದಮ್ಮು ಕಟ್ಟುತ್ತದೆ. ಇಳಿಜಾರಿನಲ್ಲಿ ಅದೇ ವೇಗ ಏನೂ ಶ್ರಮವಿಲ್ಲದೆ ಬರುತ್ತದೆ. ದಾರಿ ಬದಲಾದಂತೆ ವೇಗದ ಅರ್ಥವೂ ಬದಲಾಗುವ ಕಡೆ, ದೇಹ ಎಷ್ಟು ದುಡಿಯುತ್ತಿದೆ ಎಂದು ತಿಳಿಸುವ ಅಳತೆ ಹೃದಯಬಡಿತ. ಮಲೆನಾಡಿನ ಅಂಚಿನ ಊರುಗಳ ಓಟಗಾರರಿಗೆ ನಾಡಿಯ ಲೆಕ್ಕ ನಗರದ ಸಪಾಟು ರಸ್ತೆಯವರಿಗಿಂತ ಹೆಚ್ಚು ಬೇಕಾಗುವುದು ಇದೇ ಕಾರಣಕ್ಕೆ. ಹೆಚ್ಚು ಬೇಕಾದ ಲೆಕ್ಕ ಹೆಚ್ಚು ನಿಜವೂ ಆಗಿರಬೇಕು. ಆದ್ದರಿಂದ ಗಡಿಯಾರ ಕೊಳ್ಳಲು ಹೊರಟವರು ಅದರ ಪರದೆಗಿಂತ ಮೊದಲು ನಾಡಿ ಹಿಡಿಯುವ ಸೆನ್ಸರಿನ ಬಗ್ಗೆ ಯೋಚಿಸಬೇಕು, ಏರಿಳಿತದ ಓಟಕ್ಕೆ ಎದೆಪಟ್ಟಿಯನ್ನೇ ಆರಿಸಬೇಕು ಎಂಬುದು ಈ ಅಧ್ಯಾಯದ ವಾದ.

ಇಲ್ಲಿ ಓಡುವವರೆಲ್ಲ ಹವ್ಯಾಸಕ್ಕೆ ಓಡುವವರಲ್ಲ. ಸೊರಬ, ಶಿಕಾರಿಪುರ ಸೀಮೆಯ ಎಷ್ಟೋ ಯುವಕ ಯುವತಿಯರಿಗೆ ಓಟವೆಂದರೆ ನೌಕರಿಯ ಬಾಗಿಲು. ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ಫಿಸಿಕಲ್‌ನಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. 400 ಮೀಟರಿನ ಸುತ್ತಿನಲ್ಲಿ ಲೆಕ್ಕ ಹಾಕಿದರೆ ಪುರುಷರು ಪ್ರತಿ ಸುತ್ತನ್ನು ಸುಮಾರು 97 ಸೆಕೆಂಡಿನಂತೆ ನಾಲ್ಕು ಸಲ ಓಡಬೇಕು. ಇಷ್ಟು ಚಿಕ್ಕ ಓಟಕ್ಕೆ ನಾಡಿ ನೋಡಿಕೊಂಡು ಓಡುವ ಅಗತ್ಯವೇ ಇಲ್ಲ, ಒಂದು ಸ್ಟಾಪ್‌ವಾಚ್ ಸಾಕು ಎಂದು ಯಾರಾದರೂ ಹೇಳಿದರೆ ಆ ಮಾತು ಅರ್ಧ ಸರಿ. ಶ್ರಮ ಏರಿದ ಕ್ಷಣಕ್ಕೇ ಹೃದಯಬಡಿತ ಏರುವುದಿಲ್ಲ, ಒಂದೆರಡು ನಿಮಿಷ ಹಿಂದೆ ಬೀಳುತ್ತದೆ. 400 ಮೀಟರಿನ ಓಟ ಮುಗಿಯುವ ಹೊತ್ತಿಗಷ್ಟೇ ಅದು ಮೇಲಕ್ಕೆ ಬಂದಿರುತ್ತದೆ. ಪರೀಕ್ಷೆಯ ದಿನ ಕೈಯ ಅಂಕಿ ನೋಡಿಕೊಂಡು ಓಡುತ್ತೇನೆಂದು ಯಾರೂ ನೆಚ್ಚಿಕೊಳ್ಳಬಾರದು. ನಾಡಿಯ ಲೆಕ್ಕ ಬೇಕಾಗುವುದು ಅದಕ್ಕೆ ಮುಂಚಿನ ತಿಂಗಳುಗಳಲ್ಲಿ. ದಿನವೂ ಜೀವ ಬಿಟ್ಟು ಓಡಿ ಮೊಣಕಾಲು ಕೆಡಿಸಿಕೊಳ್ಳುವ, ಮೀನಖಂಡದ ಮುಂದಿನ ಎಲುಬಿಗೆ ನೋವು ತಂದುಕೊಳ್ಳುವ ಹುಡುಗರಿಗೆ ‘ಇವತ್ತು ನಿಧಾನ’ ಎಂದು ಹೇಳುವ ಒಂದು ಅಳತೆ ಬೇಕು. ಒಂದು ಸುತ್ತು ಬಿರುಸಾಗಿ ಓಡಿ ಮುಂದಿನ ಸುತ್ತಿಗೆ ದೇಹ ಸಿದ್ಧವಾಯಿತೇ ಎಂದು ತಿಳಿಯಲೂ ಬೇಕು. ವಾರದ ಹೆಚ್ಚಿನ ಓಟ ನಿಧಾನವಾಗಿದ್ದು, ಒಂದೆರಡು ದಿನ ಮಾತ್ರ ಬಿರುಸಾಗಿದ್ದರೆ ದಮ್ಮು ಗಟ್ಟಿಯಾಗುತ್ತದೆ. ನಿಧಾನದ ದಿನ ನಿಜವಾಗಿಯೂ ನಿಧಾನವಾಗಿತ್ತೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ನಾಡಿ.

ನಾಡಿ ಹಿಡಿಯುವ ಎದೆಪಟ್ಟಿ, ಕೈಗಡಿಯಾರ ಎರಡೂ ಅಳೆಯುವ ವಸ್ತುವೇ ಬೇರೆ ಬೇರೆ. ಎದೆಪಟ್ಟಿ ಹಿಡಿಯುವುದು ವಿದ್ಯುತ್ತನ್ನು. ಹೃದಯ ಪ್ರತಿ ಸಲ ಕುಗ್ಗುವ ಮೊದಲು ಅದರ ಸ್ನಾಯುವಿನಲ್ಲಿ ಸಣ್ಣ ವಿದ್ಯುತ್ ಅಲೆ ಹರಿಯುತ್ತದೆ. ನೆದರ್‌ಲೆಂಡ್ಸಿನ ವಿಲ್ಲೆಮ್ ಐಂಥೋವನ್ ಈ ಅಲೆಯನ್ನು ಕರಾರುವಾಕ್ಕಾಗಿ ಬರೆದಿಡುವ ವಿಧಾನ ರೂಪಿಸಿ 1924ರಲ್ಲಿ ನೊಬೆಲ್ ಪಡೆದರು. ಆಸ್ಪತ್ರೆಯ ಇಸಿಜಿ ಹುಟ್ಟಿದ್ದು ಹಾಗೆ. ಅದನ್ನೇ ಚಿಕ್ಕದಾಗಿಸಿ ಕ್ರೀಡಾಪಟುಗಳ ಮೈಮೇಲೆ ತಂದವರು ಫಿನ್‌ಲೆಂಡಿನ ಪೋಲಾರ್ ಕಂಪನಿಯವರು. 1977ರಲ್ಲಿ ಆರಂಭವಾದ ಆ ಕಂಪನಿ 1982ರಲ್ಲಿ ಎದೆಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಬಡಿತದ ಸುದ್ದಿ ಮುಟ್ಟಿಸುವ ಸಾಧನವನ್ನು ಮಾರುಕಟ್ಟೆಗೆ ತಂದಿತು. ಇಂದಿನ ಎದೆಪಟ್ಟಿಯೂ ಅದೇ ತತ್ವದ್ದು. ಎಲಾಸ್ಟಿಕ್ ಪಟ್ಟಿಯ ಒಳಮೈಯಲ್ಲಿ ಎಡಕ್ಕೊಂದು ಬಲಕ್ಕೊಂದು ಮೆತ್ತನೆಯ ತೇಪೆ. ಅವೆರಡೂ ಎದೆಯ ಕೆಳಗೆ ಚರ್ಮಕ್ಕೆ ಒತ್ತಿಕೊಂಡು ಕೂರುತ್ತವೆ. ನಡುವೆ ಟಿಚ್ ಬಟನ್ನಿನಂತೆ ಒತ್ತಿ ಹಾಕಿ ತೆಗೆಯುವ ಸಣ್ಣ ಡಬ್ಬಿ, ಅದರೊಳಗೆ ಬಟನ್ ಸೆಲ್. ಒಂದು ಬಡಿತದ ಶಿಖರದಿಂದ ಮುಂದಿನ ಶಿಖರಕ್ಕೆ ಎಷ್ಟು ಹೊತ್ತಾಯಿತು ಎಂಬುದನ್ನು ಅದು ಸೆಕೆಂಡಿನ ಸಾವಿರದ ಭಾಗಗಳಲ್ಲಿ ಎಣಿಸುತ್ತದೆ. ಕೈಕಾಲಿನ ಕುಲುಕಾಟದಿಂದ ಆ ಎಣಿಕೆಗೆ ಬರುವ ತೊಂದರೆ ಕಡಿಮೆ.

ಕೈಗಡಿಯಾರ ನೋಡುವುದು ಬೆಳಕನ್ನು. ಗಡಿಯಾರವನ್ನು ಬಿಚ್ಚಿ ತಿರುಗಿಸಿದರೆ ಬೆನ್ನಿನಲ್ಲಿ ಹಸಿರು ದೀಪಗಳು ಮಿಣುಗುವುದು ಕಾಣುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರತಿ ಬಡಿತಕ್ಕೂ ಚರ್ಮದಡಿಯ ಸಣ್ಣ ನಾಳಗಳಲ್ಲಿ ರಕ್ತ ಉಬ್ಬಿದಾಗ ಮರಳಿ ಬರುವ ಬೆಳಕು ಒಂದಿಷ್ಟು ಕಡಿಮೆಯಾಗುತ್ತದೆ, ಇಳಿದಾಗ ಹೆಚ್ಚಾಗುತ್ತದೆ. ಈ ಏರಿಳಿತದ ಲೆಕ್ಕವೇ ನಾಡಿಯ ಲೆಕ್ಕ. ಬೆಳಕಿನಿಂದ ರಕ್ತದ ಹರಿವು ಅಳೆಯುವ ಉಪಾಯವನ್ನು ಅಮೆರಿಕದ ಶರೀರಶಾಸ್ತ್ರಜ್ಞ ಆಲ್ರಿಕ್ ಹರ್ಟ್ಸ್‌ಮನ್ 1930ರ ದಶಕದಲ್ಲೇ ಬೆಳೆಸಿದ್ದರು. ತತ್ವದಲ್ಲಿ ತಪ್ಪಿಲ್ಲ, ತೊಡಕಿರುವುದು ಜಾಗದಲ್ಲಿ. ಓಡುವಾಗ ದೇಹದಲ್ಲಿ ಅತಿ ಹೆಚ್ಚು ಬೀಸುವ ಅಂಗಗಳಲ್ಲಿ ಕೈ ಒಂದು. ಗಡಿಯಾರ ಕೂದಲೆಳೆಯಷ್ಟು ಸರಿದರೂ ಬೆಳಕು ಬೇರೆ ದಾರಿ ಹಿಡಿಯುತ್ತದೆ, ಆ ಬದಲಾವಣೆ ರಕ್ತದ ಏರಿಳಿತಕ್ಕಿಂತ ದೊಡ್ಡದಾಗಿರುತ್ತದೆ. ಗಡಿಯಾರದೊಳಗಿನ ಲೆಕ್ಕಾಚಾರ ಈ ಗದ್ದಲದಿಂದ ನಾಡಿಯನ್ನು ಬೇರ್ಪಡಿಸಿ, ಕೆಲವು ಸೆಕೆಂಡುಗಳ ಸರಾಸರಿ ತೆಗೆದು, ಆಮೇಲೆ ಅಂಕಿ ತೋರಿಸುತ್ತದೆ.

ಇದರ ಪರಿಣಾಮವನ್ನು ಸಂಶೋಧಕರು ಅಳೆದು ನೋಡಿದ್ದಾರೆ. ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನ ವೈದ್ಯರು 50 ಮಂದಿ ಆರೋಗ್ಯವಂತರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಇಸಿಜಿಯ ಪಕ್ಕದಲ್ಲಿ ಒಂದು ಎದೆಪಟ್ಟಿಯನ್ನೂ ನಾಲ್ಕು ಬಗೆಯ ಮಣಿಕಟ್ಟಿನ ಸಾಧನಗಳನ್ನೂ ಇಟ್ಟು ಹೋಲಿಸಿದರು. 2017ರಲ್ಲಿ ಜಾಮಾ ಕಾರ್ಡಿಯಾಲಜಿ ಪತ್ರಿಕೆಯಲ್ಲಿ ಅಚ್ಚಾದ ಆ ವರದಿಯ ಪ್ರಕಾರ ಇಸಿಜಿಯೊಂದಿಗೆ ಎದೆಪಟ್ಟಿಯ ಹೊಂದಾಣಿಕೆ 0.99. ಪೂರ್ತಿ ಹೊಂದಿದರೆ 1 ಎಂಬುದು ಲೆಕ್ಕ. ಮಣಿಕಟ್ಟಿನ ಸಾಧನಗಳದು 0.83ರಿಂದ 0.91ರವರೆಗೆ ಇತ್ತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಮಂದಿಯ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರು ಸಾಧನಗಳ ನಾಡಿಯ ತಪ್ಪು ಶೇ. 5ರೊಳಗೇ ಇತ್ತು. ಎಷ್ಟು ಕ್ಯಾಲೊರಿ ಖರ್ಚಾಯಿತೆಂಬ ಲೆಕ್ಕದಲ್ಲಿ ಮಾತ್ರ ಎಲ್ಲಕ್ಕಿಂತ ಉತ್ತಮವಾದುದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು. 2020ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರು ಬೆಳಕಿನ ಸೆನ್ಸರುಗಳನ್ನು ಒರೆಗೆ ಹಚ್ಚಿದಾಗ, ಸುಮ್ಮನೆ ಕೂತಾಗಿನ ತಪ್ಪಿಗಿಂತ ಚಟುವಟಿಕೆಯ ಹೊತ್ತಿನ ತಪ್ಪು ಸರಾಸರಿ ಶೇ. 30ರಷ್ಟು ಹೆಚ್ಚಿತ್ತು. ಈ ಮೂರನ್ನೂ ಒಟ್ಟಿಗೆ ಓದಿದರೆ ತಿಳಿಯುವುದಿಷ್ಟು: ಮಣಿಕಟ್ಟಿನ ಗಡಿಯಾರ ನಿಷ್ಪ್ರಯೋಜಕವಲ್ಲ. ನಿದ್ದೆಯಲ್ಲಿ, ವಿಶ್ರಾಂತಿಯಲ್ಲಿ, ದಿನದ ಸಾಮಾನ್ಯ ಓಡಾಟದಲ್ಲಿ ಅದರ ಮಾತು ನಂಬಬಹುದು. ಶ್ರಮ ಹೆಚ್ಚಿ ಕೈ ಬೀಸತೊಡಗಿದಂತೆ ಅದು ತಪ್ಪುವ ಸಂಭವ ಹೆಚ್ಚು. ಓಟಗಾರರಿಗೆ ಅಂಕಿ ಬೇಕಾಗುವುದೂ ಆಗಲೇ.

ಆ ತಪ್ಪುಗಳಲ್ಲಿ ಒಂದನ್ನು ವಿಶೇಷವಾಗಿ ಅರಿತಿರಬೇಕು. ನಿಧಾನವಾಗಿ ಓಡುವವರ ಹೆಜ್ಜೆ ನಿಮಿಷಕ್ಕೆ ಸುಮಾರು 160ರಿಂದ 170 ಬೀಳುತ್ತದೆ. ಬಿರುಸಾದ ನಾಡಿಬಡಿತವೂ ಅದೇ ಆಸುಪಾಸಿನ ಸಂಖ್ಯೆ. ನಾಡಿಯ ಗುರುತು ಸಿಗದಾಗ ಗಡಿಯಾರ ಹೆಜ್ಜೆಯ ತಾಳವನ್ನೇ ನಾಡಿ ಎಂದು ಹಿಡಿದುಬಿಡುವುದುಂಟು. 22 ವರ್ಷದ ಯುವತಿಯೊಬ್ಬಳ ನಿಜವಾದ ಬಡಿತ 140 ಇದ್ದು ಗಡಿಯಾರ 166 ತೋರಿಸಿದರೆ, ಸುಲಭದ ಓಟವನ್ನು ಕಠಿಣ ಓಟವೆಂದು ತಿಳಿದು ಆಕೆ ಇನ್ನೂ ನಿಧಾನಿಸುತ್ತಾಳೆ ಇಲ್ಲವೇ ನಿಂತೇ ಬಿಡುತ್ತಾಳೆ. ಅಂಕಿ ನಂಬಲರ್ಹ ಎನ್ನಿಸುವಷ್ಟು ಹತ್ತಿರ ಇರುವುದರಿಂದಲೇ ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಇನ್ನು ಚಂದ್ರಗುತ್ತಿಯಂಥ ಏರಿನಲ್ಲಿ ಬೇರೆ ತೊಡಕು. ಕಡಿದಾದ ಕಡೆ ಹೆಜ್ಜೆ ಚಿಕ್ಕದಾಗುತ್ತದೆ, ಕೈ ಬಂಡೆಯನ್ನೋ ಮೊಣಕಾಲನ್ನೋ ಊರುತ್ತದೆ, ಮಣಿಕಟ್ಟು ಮಡಚಿ ಸೆನ್ಸರ್ ಚರ್ಮದಿಂದ ಏಳುತ್ತದೆ. ನಾಡಿ ಒಂದೇ ಸಮನೆ ಏರುತ್ತಿರುವಾಗ ಗಡಿಯಾರ ಹಿಂದಿನ ಅಂಕಿಯನ್ನೇ ಹಿಡಿದು ಕೂರಬಹುದು. ಚಳಿಗಾಲದ ಬೆಳಗಿನ ಜಾವ ಕೈಗಳ ರಕ್ತನಾಳ ಕುಗ್ಗಿ ಬೆಳಕಿಗೆ ಸಿಗುವ ರಕ್ತವೇ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ನೀರು, ಬೆವರು ಸೇರಿ ಗಡಿಯಾರ ಜಾರುತ್ತದೆ. ಏರು, ಚಳಿ, ಮಳೆ ಮೂರೂ ಇರುವ ಸೀಮೆಯವರಿಗೆ ಇವು ವರ್ಷದ ಬಹುಕಾಲ ಎದುರಾಗುವ ಸಂಗತಿಗಳು.

ಎದೆಪಟ್ಟಿಯ ಪರವಾದ ಈ ವಾದಕ್ಕೆ ಆಕ್ಷೇಪಗಳಿವೆ. ಮೊದಲನೆಯದು, ಆ ಸಂಶೋಧನೆಗಳು ಹಳೆಯವು, ಈಗಿನ ಗಡಿಯಾರಗಳು ಸುಧಾರಿಸಿವೆ ಎಂಬುದು. ನಿಜ, ದೀಪಗಳೂ ಲೆಕ್ಕಾಚಾರವೂ ಉತ್ತಮಗೊಂಡಿವೆ. ಸಮನಾದ ರಸ್ತೆಯ ಏಕಗತಿಯ ಓಟದಲ್ಲಿ ಒಳ್ಳೆಯ ಗಡಿಯಾರ ಇಂದು ಎದೆಪಟ್ಟಿಯ ಹತ್ತಿರಕ್ಕೆ ಬರುತ್ತದೆ. ಅಂಥ ಓಟವಷ್ಟೇ ಓಡುವವರು ಎದೆಪಟ್ಟಿಗೆ ಹಣ ಹಾಕಬೇಕಿಲ್ಲ. ಆದರೆ ಕೈ ಬೀಸುವುದು ನಿಂತಿಲ್ಲ, ಏರಿನಲ್ಲಿ ಮಣಿಕಟ್ಟು ಮಡಚುವುದು ತಪ್ಪಿಲ್ಲ. ಗತಿ ಪದೇ ಪದೇ ಬದಲಾಗುವ ಓಟದಲ್ಲಿ ವಿದ್ಯುತ್ ಅಳೆಯುವ ಸಾಧನದ ಮೇಲುಗೈ ಉಳಿದೇ ಇದೆ. ಎರಡನೆಯದು, ಕಪ್ಪು ಮೈಬಣ್ಣದವರಲ್ಲಿ ಹಸಿರು ಬೆಳಕಿನ ಸೆನ್ಸರ್ ಕೆಲಸ ಮಾಡುವುದಿಲ್ಲ ಎಂಬ ಮಾತು. ಚರ್ಮದ ಮೆಲನಿನ್ ಹಸಿರು ಬೆಳಕನ್ನು ಹೀರುವುದು ನಿಜವಾದ್ದರಿಂದ ಅನುಮಾನ ಸಹಜ. ಡ್ಯೂಕ್‌ನವರು ಇದನ್ನೇ ಗುರಿಯಾಗಿಟ್ಟು ಪರೀಕ್ಷಿಸಿದಾಗ ಮೈಬಣ್ಣದಿಂದ ನಿಖರತೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಒಂದು ಸಾಧನಕ್ಕೂ ಇನ್ನೊಂದಕ್ಕೂ, ಒಂದು ಬಗೆಯ ಚಟುವಟಿಕೆಗೂ ಇನ್ನೊಂದಕ್ಕೂ. ಎದೆಪಟ್ಟಿಯ ಪರವಾಗಿ ವಾದಿಸುವವರು ಈ ತಪ್ಪು ಕಾರಣವನ್ನು ಬಳಸಬಾರದು. ಮೂರನೆಯದು ಮೈಗೆ ಬಿಗಿಯುವ ಕಿರಿಕಿರಿ. ಇದು ಹೆಚ್ಚಾಗಿ ಹೆಣ್ಣುಮಕ್ಕಳಿಗೆ ಎದುರಾಗುವ ನಿಜವಾದ ತೊಂದರೆ, ಒಳ ಉಡುಪಿನ ಅಂಚಿಗೆ ಪಟ್ಟಿ ತಾಗಿ ಚರ್ಮ ಉಜ್ಜುತ್ತದೆ. ಅವರಿಗೆ ನಡುದಾರಿಯೊಂದಿದೆ. ಮುಂಗೈಗೋ ತೋಳಿಗೋ ಕಟ್ಟುವ ಬೆಳಕಿನ ಪಟ್ಟಿಯೂ ಸಿಗುತ್ತದೆ. ಅಲ್ಲಿ ಮಾಂಸ ಹೆಚ್ಚು, ಅಲುಗಾಟ ಕಡಿಮೆ, ಆದ್ದರಿಂದ ಅದು ಮಣಿಕಟ್ಟಿಗಿಂತ ಚೆನ್ನಾಗಿ ಹಿಡಿಯುತ್ತದೆ.

ಎಲ್ಲಕ್ಕಿಂತ ಭಾರವಾದ ಆಕ್ಷೇಪ ಹಣದ್ದು. ನೌಕರಿ ಹುಡುಕುತ್ತಿರುವವರ ಕೈಯಲ್ಲಿ ಗಡಿಯಾರಕ್ಕೂ ಎದೆಪಟ್ಟಿಗೂ ಸುರಿಯಲು ದುಡ್ಡೆಲ್ಲಿದೆ? ಈ ವಾದದ ಉಪಯೋಗ ಹೆಚ್ಚಾಗಿ ಕಾಣುವುದು ಇಲ್ಲಿಯೇ. ಓಟದ ದುಬಾರಿ ಗಡಿಯಾರಗಳ ಬೆಲೆಯಲ್ಲಿ ಬಹುಪಾಲು ಹೋಗುವುದು ನಕ್ಷೆ, ಸಂಗೀತ, ಬಣ್ಣದ ಪರದೆ, ಲೋಹದ ಚೌಕಟ್ಟಿಗೆ. ಎದೆಪಟ್ಟಿ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ, ಬ್ಲೂಟೂತ್ ಇರುವ ಪಟ್ಟಿ ಕಿಸೆಯಲ್ಲಿರುವ ಫೋನಿಗೇ ನಾಡಿಯ ಲೆಕ್ಕ ಕಳಿಸುತ್ತದೆ. ಗಡಿಯಾರವೇ ಬೇಡ. ಗಡಿಯಾರ ಬೇಕೆಂದರೆ ಅದು ಹೊರಗಿನ ಸೆನ್ಸರನ್ನು ಸೇರಿಸಿಕೊಳ್ಳುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಅಗ್ಗದ ಸ್ಮಾರ್ಟ್‌ವಾಚುಗಳಲ್ಲಿ ಎಷ್ಟೋ ಈ ಸೌಲಭ್ಯವಿಲ್ಲದವು. ಸಾಧಾರಣ ಗಡಿಯಾರದ ಜೊತೆಗೆ ಎದೆಪಟ್ಟಿ ಇರುವ ಜೋಡಿ, ಪಟ್ಟಿಯಿಲ್ಲದ ದುಬಾರಿ ಗಡಿಯಾರಕ್ಕಿಂತ ಗುಡ್ಡದ ಓಟಗಾರರಿಗೆ ಹೆಚ್ಚು ಉಪಯುಕ್ತ. ಅದಕ್ಕೂ ಹಣವಿಲ್ಲದವರು ಓಟದಲ್ಲಿ ಹಿಂದೆ ಬೀಳಬೇಕಿಲ್ಲ. ನಿಧಾನದ ಓಟದಲ್ಲಿ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಸಾಧ್ಯವಾದರೆ ಗತಿ ಸರಿಯಾಗಿದೆ ಎಂದರ್ಥ. ನಿಂತ ಕೂಡಲೇ ಕತ್ತಿನ ಪಕ್ಕ ಎರಡು ಬೆರಳಿಟ್ಟು 15 ಸೆಕೆಂಡು ಬಡಿತ ಎಣಿಸಿ ನಾಲ್ಕರಿಂದ ಗುಣಿಸಿದರೆ ನಾಡಿ ಸಿಗುತ್ತದೆ. ಕೊಂಡ ಗಡಿಯಾರ ಸರಿ ಹೇಳುತ್ತಿದೆಯೇ ಎಂದು ಪರೀಕ್ಷಿಸಲೂ ಇದೇ ದಾರಿ.

ಸಾಧನ ಯಾವುದಾದರೂ ಬಳಕೆ ಸರಿಯಿರಬೇಕು. ಎದೆಪಟ್ಟಿಯ ತೇಪೆಗಳನ್ನು ಕಟ್ಟುವ ಮೊದಲು ನೀರಿನಲ್ಲಿ ಒದ್ದೆ ಮಾಡಬೇಕು. ಒಣ ತೇಪೆಗೆ ಬೆವರು ಬರುವ ತನಕ ಅಂಕಿ ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಓಟ ಮುಗಿದ ಮೇಲೆ ಡಬ್ಬಿಯನ್ನು ಬಿಚ್ಚಿಡಬೇಕು, ಇಲ್ಲದಿದ್ದರೆ ಸೆಲ್ ಬೇಗ ಖಾಲಿಯಾಗುತ್ತದೆ. ಉಪ್ಪು ಕಟ್ಟದಂತೆ ಪಟ್ಟಿಯನ್ನು ತೊಳೆದು ನೆರಳಲ್ಲಿ ಒಣಗಿಸಬೇಕು. ಕೈಗಡಿಯಾರವಾದರೆ ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳಷ್ಟು ಮೇಲೆ, ಜಾರದಷ್ಟು ಬಿಗಿಯಾಗಿ ಕಟ್ಟಬೇಕು. ಚಳಿಯಲ್ಲಿ ಹತ್ತು ನಿಮಿಷ ಮೈ ಬಿಸಿಯಾದ ಮೇಲೆಯೇ ಅದರ ಅಂಕಿಯನ್ನು ಗಣನೆಗೆ ತೆಗೆದುಕೊಳ್ಳಬೇಕು. ಇನ್ನೊಂದು ಎಚ್ಚರ ಗರಿಷ್ಠ ಬಡಿತದ ಬಗ್ಗೆ. ಗಡಿಯಾರಗಳು ಸಾಮಾನ್ಯವಾಗಿ 220ರಿಂದ ವಯಸ್ಸನ್ನು ಕಳೆದು ಅದನ್ನು ಹೇಳುತ್ತವೆ. 2001ರಲ್ಲಿ ಸಂಶೋಧಕ ತನಾಕ ಮತ್ತು ಸಂಗಡಿಗರು ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುವ ಸೂತ್ರ ಕೊಟ್ಟರು. 22 ವರ್ಷದವರಿಗೆ ಮೊದಲನೆಯದು 198, ಎರಡನೆಯದು ಸುಮಾರು 193 ಎನ್ನುತ್ತದೆ. ಎರಡೂ ಸರಾಸರಿಗಳೇ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತ ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಎದೆಪಟ್ಟಿ ಎಷ್ಟೇ ನಿಖರವಾಗಿದ್ದರೂ ಈ ಮಿತಿಯನ್ನು ತಪ್ಪಾಗಿ ಹಾಕಿಕೊಂಡರೆ ತರಬೇತಿಯೆಲ್ಲ ತಪ್ಪುತ್ತದೆ.

ಕೊನೆಯದಾಗಿ, ಈ ಸಾಧನಗಳು ಏನಲ್ಲ ಎಂಬುದನ್ನೂ ಹೇಳಬೇಕು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ಮೇಲೆ, ವ್ಯಾಯಾಮ ಮಾಡುವವರಲ್ಲೂ ಹೃದಯದ ಬಗ್ಗೆ ದಿಗಿಲು ಹುಟ್ಟಿತು. ನಾಡಿ ತೋರಿಸುವ ಗಡಿಯಾರ ಕಟ್ಟಿಕೊಂಡರೆ ಅಪಾಯ ಮೊದಲೇ ತಿಳಿಯುತ್ತದೆ ಎಂದು ನಂಬಿದರೆ ಅದು ತಪ್ಪು. ಹೃದಯದ ರಕ್ತನಾಳ ಕಟ್ಟಿಕೊಂಡಿರುವುದು ಬಡಿತದ ಎಣಿಕೆಯಲ್ಲಿ ಕಾಣುವುದಿಲ್ಲ. ಓಡುವಾಗ ಎದೆ ಬಿಗಿದರೆ, ನೋವು ಎಡಗೈಗೋ ದವಡೆಗೋ ಹರಿದರೆ, ಕಣ್ಣು ಕತ್ತಲೆ ಬಂದರೆ ಅಂಕಿ ಎಷ್ಟೇ ಇರಲಿ ನಿಲ್ಲಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮನೆಯಲ್ಲಿ ಎಳೆಯ ವಯಸ್ಸಿನಲ್ಲಿ ಹೃದಯದ ಕಾಯಿಲೆ ಬಂದವರಿದ್ದರೆ ಬಿರುಸಿನ ತಾಲೀಮಿಗೆ ಇಳಿಯುವ ಮೊದಲೇ ವೈದ್ಯರಿಗೆ ತೋರಿಸಿಕೊಳ್ಳಬೇಕು. ಆ ಎಚ್ಚರವಿಟ್ಟುಕೊಂಡು ಹೇಳುವುದಾದರೆ ತೀರ್ಮಾನ ಹೀಗಿದೆ: ಸಪಾಟು ರಸ್ತೆಯಲ್ಲಿ ಸಮನಾಗಿ ಓಡುವವರಿಗೆ ಮಣಿಕಟ್ಟಿನ ಗಡಿಯಾರ ಸಾಕು. ಗುಡ್ಡ ಹತ್ತುವವರೂ ಫಿಸಿಕಲ್‌ಗೆ ಸುತ್ತು ಹೊಡೆಯುವವರೂ ಕೈಯಲ್ಲಿರುವ ಹಣವನ್ನು ಮೊದಲು ಎದೆಪಟ್ಟಿಗೆ ಹಾಕಲಿ, ಮಿಕ್ಕರೆ ಗಡಿಯಾರಕ್ಕೆ.