ಪುಟ್ಟಿಯ ಹಿಂದಿನ ತುಕ್ಕು

ಕಳೆದ ಬೇಸಿಗೆಯ ಒಂದು ಬೆಳಿಗ್ಗೆ ನಮ್ಮ ಮನೆಯ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಎಡಬಾಗಿಲನ್ನು ಮುಚ್ಚಿದೆ. ಅದರ ಕೆಳ ಅಂಚಿನಿಂದ ಅಂಗೈ ಅಗಲದ ಚಕ್ಕೆಯೊಂದು ಕಳಚಿ ನೆಲಕ್ಕೆ ಬಿತ್ತು. ಎತ್ತಿ ನೋಡಿದರೆ ಅದರಲ್ಲಿ ಲೋಹವೇ ಇರಲಿಲ್ಲ. ಮೇಲೊಂದು ಪದರ ಬಣ್ಣ, ಒಳಗೆ ದಪ್ಪನೆಯ ಪುಟ್ಟಿ, ಅದರ ಬೆನ್ನಿಗೆ ಅಂಟಿದ ಕಂದು ಪುಡಿ, ಇಷ್ಟೇ.

ಈ ಕಾರನ್ನು ಕಾಲೇಜು ಅಧ್ಯಾಪಕರಾಗಿದ್ದ ನನ್ನ ತಂದೆಯವರು 1984ರಲ್ಲಿ ಕೊಂಡರು. ಮುಂಗಡ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿದ್ದ ಲೈಸೆನ್ಸ್ ಯುಗ ಅದು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಿದ್ದರೂ ತಂದೆಯವರು ತಮ್ಮ ಸರದಿಯನ್ನು ಬಿಟ್ಟುಕೊಡಲಿಲ್ಲ. ಇಟಲಿಯ ಫಿಯೆಟ್ 1100ರ ವಿನ್ಯಾಸವನ್ನು ಆಧರಿಸಿ ಮುಂಬೈನಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ ಎರಡು ದಶಕಗಳ ಹಿಂದೆಯೇ ನಿಂತುಹೋಗಿದೆ. 2023ರ ಅಕ್ಟೋಬರಿನಲ್ಲಿ ಮುಂಬೈನ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆಯಿಂದ ಮರೆಯಾದವು. ಹೀಗಾಗಿ ಹೊಸ ಬಾಗಿಲು ಕೊಂಡು ಜೋಡಿಸುವ ಮಾತೇ ಇರಲಿಲ್ಲ. ಗುಜರಿಯಲ್ಲಿ ದೊರೆತ ಎರಡು ಬಾಗಿಲುಗಳು ನಮ್ಮದಕ್ಕಿಂತ ಹೆಚ್ಚು ಜೀರ್ಣವಾಗಿದ್ದವು.

ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂಬದಿಯ ಅಡ್ಡರಸ್ತೆಯೊಂದರಲ್ಲಿ ಟಿಂಕರಿಂಗ್ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರನ್ನು ಪರಿಚಿತರು ಸೂಚಿಸಿದರು. ಅವರು ಬಾಗಿಲನ್ನು ಕಣ್ಣಿನಿಂದ ಪರೀಕ್ಷಿಸಲಿಲ್ಲ. ಜೇಬಿನಿಂದ ಸಣ್ಣ ಅಯಸ್ಕಾಂತವೊಂದನ್ನು ತೆಗೆದು ಮೇಲಿನಿಂದ ಕೆಳಕ್ಕೆ ಸರಿಸುತ್ತ ಬಂದರು. ಬಾಗಿಲಿನ ಮಧ್ಯದವರೆಗೆ ಅಂಟಿಕೊಳ್ಳುತ್ತಿದ್ದ ಅಯಸ್ಕಾಂತ ಕೆಳಗಿನ ನಾಲ್ಕಂಗುಲ ಭಾಗಕ್ಕೆ ಬಂದೊಡನೆ ಕೈಜಾರಿತು. "ಸಾರ್, ಇದನ್ನು ಯಾರೂ ರಿಪೇರಿ ಮಾಡಿಲ್ಲ. ಮುಚ್ಚಿದ್ದಾರೆ ಅಷ್ಟೆ" ಎಂದರು.

ಮುಚ್ಚಿಸಿದವನು ನಾನೇ. ಒಮ್ಮೆ ಮಗಳ ಮದುವೆಯ ಸಂದರ್ಭದಲ್ಲಿ, ಇನ್ನೊಮ್ಮೆ ನೋಂದಣಿ ನವೀಕರಣದ ತಪಾಸಣೆಗೆ ಮುನ್ನ. ಎರಡೂ ಬಾರಿ ಕೆಲಸ ಎರಡೇ ದಿನಗಳಲ್ಲಿ ಮುಗಿದಿತ್ತು, ಖರ್ಚೂ ಕಡಿಮೆಯಾಗಿತ್ತು. ಆಗ ಅದನ್ನು ಮಿತವ್ಯಯವೆಂದೇ ಭಾವಿಸಿದ್ದೆ.

ಮೇಸ್ತ್ರಿಯವರು ಒಳಗಿನ ಹೊದಿಕೆ ಬಿಚ್ಚಿ ತೋರಿಸಿದಾಗಲೇ ನನಗೆ ರೋಗದ ಮೂಲ ತಿಳಿದದ್ದು. ಕಾರಿನ ಬಾಗಿಲು ಒಂದೇ ತಗಡಲ್ಲ. ಒಳಚೌಕಟ್ಟಿನ ಅಂಚಿಗೆ ಹೊರತಗಡನ್ನು ಮಡಿಸಿ ಬಿಗಿದ ಟೊಳ್ಳು ಪೆಟ್ಟಿಗೆ. ಮಳೆ ಬಂದಾಗ ಕಿಟಕಿ ಗಾಜಿನ ಬದಿಯಿಂದ ನೀರು ಒಳಗಿಳಿಯುತ್ತದೆ. ಇದು ದೋಷವಲ್ಲ, ತಯಾರಕರು ನಿರೀಕ್ಷಿಸಿದ್ದೇ. ಆ ನೀರು ಹರಿದುಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳಿರುತ್ತವೆ. ನಮ್ಮ ಕಾರಿನಲ್ಲಿ ಅವು ಧೂಳು, ಒಣಗಿದ ಎಲೆ, ಹಳೆಯ ರಬ್ಬರಿನ ಚೂರುಗಳಿಂದ ಮುಚ್ಚಿಹೋಗಿದ್ದವು. ನಾನು ಕರಾವಳಿಯಲ್ಲಿ ಸೇವೆಯಲ್ಲಿದ್ದ ನಾಲ್ಕು ಮಳೆಗಾಲಗಳಲ್ಲಿ ಉಪ್ಪುಗಾಳಿಯೂ ಸೇರಿಕೊಂಡಿತ್ತು. ನೀರು ಮತ್ತು ಆಮ್ಲಜನಕ ಸೇರಿದರೆ ಕಬ್ಬಿಣ ತುಕ್ಕಾಗುತ್ತದೆ. ಉಪ್ಪು ಆ ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮಡಿಕೆಯ ಅಂಚು ಉಬ್ಬಿ ಬಣ್ಣದಲ್ಲಿ ಗುಳ್ಳೆಗಳೇಳುತ್ತವೆ. ನಾವು ರೋಗದ ಆರಂಭವೆಂದು ತಿಳಿಯುವ ಆ ಗುಳ್ಳೆ ವಾಸ್ತವವಾಗಿ ಅದರ ಕೊನೆಯ ಘಟ್ಟ.

ನಿಜವಾದ ದುರಸ್ತಿ ಮೂರು ವಾರ ಹಿಡಿಯಿತು. ಗಾಜು, ಹಿಡಿಕೆಗಳನ್ನು ಬಿಚ್ಚಿ, ಗಟ್ಟಿ ಲೋಹ ಸಿಗುವವರೆಗೂ ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ತೆಗೆದರು. ಇಪ್ಪತ್ತು ಗೇಜಿನ ತಗಡನ್ನು ಮರದ ದಿಮ್ಮಿಯ ಮೇಲಿಟ್ಟು ಬಡಿಯುತ್ತ ಮೂಲ ಬಾಗಿಲಿನ ವಕ್ರತೆಗೆ ತಂದರು. ಬಡಿಯುವುದು, ಬಾಗಿಲಿಗೆ ಹಿಡಿದು ನೋಡುವುದು, ಮತ್ತೆ ಬಡಿಯುವುದು. ಅರ್ಧ ದಿನ ಇದೇ ನಡೆಯಿತು. ಬೆಸುಗೆಯನ್ನೂ ಒಂದೇ ಉಸಿರಿಗೆ ಹಾಕಲಿಲ್ಲ. ತೆಳು ತಗಡು ಕಾದರೆ ಸೊಟ್ಟಗಾಗುತ್ತದೆ. ಆದ್ದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ಮತ್ತೆ ನಡುವಿನ ಜಾಗಕ್ಕೆ ಬರುತ್ತಿದ್ದರು. ಬಳಿಕ ರೆಡ್ ಆಕ್ಸೈಡ್ ಬಳಿದು, ಒಳಭಾಗಕ್ಕೆ ಮೇಣದಂಥ ತುಕ್ಕುನಿರೋಧಕ ಸಿಂಪಡಿಸಿ, ತಳದ ರಂಧ್ರಗಳನ್ನು ತಂತಿಯಿಂದ ಬಿಡಿಸಿದರು. ಪುಟ್ಟಿಯನ್ನು ಅವರೂ ಬಳಸಿದರು. ಆದರೆ ಅದು ಗಟ್ಟಿ ಲೋಹದ ಮೇಲೆ, ಉಗುರಿನಷ್ಟೇ ತೆಳ್ಳಗೆ. ಪುಟ್ಟಿ ಕೆಟ್ಟದ್ದಲ್ಲ, ಅದನ್ನು ಲೋಹದ ಬದಲಿಗೆ ಬಳಸುವುದು ಕೆಟ್ಟದ್ದು.

ಆ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದಾಗ ನನಗೆ ನೆನಪಾದದ್ದು ನಾನು ಸಹಿ ಹಾಕಿದ ಒಂದು ಕಡತ. ಗಣ್ಯರೊಬ್ಬರ ಭೇಟಿಗೆ ಮುನ್ನ ಐದು ಕಿಲೋಮೀಟರ್ ರಸ್ತೆಗೆ ತುರ್ತಾಗಿ ಡಾಂಬರು ಹಾಕಬೇಕಿತ್ತು. ಪಕ್ಕದ ಚರಂಡಿಗಳು ಹೂಳಿನಿಂದ ತುಂಬಿವೆ, ನೀರು ನಿಂತರೆ ರಸ್ತೆ ಉಳಿಯದು ಎಂದು ಕಿರಿಯ ಎಂಜಿನಿಯರೊಬ್ಬರು ಟಿಪ್ಪಣಿ ಬರೆದಿದ್ದರು. ಸಮಯವಿಲ್ಲವೆಂದು ನಾನು ಅದನ್ನು ಬದಿಗಿಟ್ಟೆ. ಮೊದಲ ಮಳೆಗಾಲಕ್ಕೇ ಆ ರಸ್ತೆ ಕಿತ್ತುಹೋಯಿತು. ಆ ಎಂಜಿನಿಯರ್ ಹೇಳಿದ್ದೂ ಈ ಮೇಸ್ತ್ರಿ ಹೇಳಿದ್ದೂ ಒಂದೇ ಮಾತು: ನೀರಿಗೆ ಹೋಗಲು ದಾರಿ ಬಿಡಿ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಸವಕಳಿ ಎಂಬ ಪದವನ್ನು ಎಷ್ಟೋ ಬಾರಿ ಬರೆದಿದ್ದೇನೆ. ಆಸ್ತಿಯ ಮೌಲ್ಯ ವರ್ಷವರ್ಷವೂ ಇಷ್ಟಿಷ್ಟು ಕುಗ್ಗುತ್ತದೆಂದು ಲೆಕ್ಕಪುಸ್ತಕ ಸರಳರೇಖೆ ಎಳೆಯುತ್ತದೆ. ತುಕ್ಕಿಗೆ ಆ ಶಿಸ್ತಿಲ್ಲ. ಅದು ಕಾಣದೆ ಬೆಳೆದು ಒಂದು ದಿನ ಒಮ್ಮೆಲೇ ಹೊರಬರುತ್ತದೆ. ನಮ್ಮ ಆಯವ್ಯಯ ಪದ್ಧತಿಯೂ ಈ ಸತ್ಯಕ್ಕೆ ಕುರುಡಾಗಿತ್ತು. ಹೊಸ ಕಟ್ಟಡ ಯೋಜನಾ ವೆಚ್ಚ, ಅದರ ನಿರ್ವಹಣೆ ಬಹುಮಟ್ಟಿಗೆ ಯೋಜನೇತರ ವೆಚ್ಚ. ಕಡಿತದ ಮಾತು ಬಂದಾಗ ಕತ್ತರಿ ಮೊದಲು ಬೀಳುತ್ತಿದ್ದದ್ದು ಎರಡನೆಯದಕ್ಕೆ. 2017-18ರ ಕೇಂದ್ರ ಆಯವ್ಯಯದಿಂದ ಈ ವರ್ಗೀಕರಣ ರದ್ದಾಗಿದೆ. ಆದರೆ ಅದು ಬೆಳೆಸಿದ ಮನೋಭಾವ ರದ್ದಾಗಿಲ್ಲ. ಶಂಕುಸ್ಥಾಪನೆಗೆ ಫಲಕವಿದೆ, ಚರಂಡಿ ಬಿಡಿಸಿದ್ದಕ್ಕೆ ಫಲಕವಿಲ್ಲ.

ಹಳೆಯ ವಾಹನಗಳೆಲ್ಲ ಉಳಿಯಬೇಕೆಂದು ನಾನು ವಾದಿಸುವುದಿಲ್ಲ. ಅವು ಉಗುಳುವ ಹೊಗೆ ನಿಜವಾದ ಸಮಸ್ಯೆ. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು 600 ರೂಪಾಯಿಗಳಿಂದ 5,000ಕ್ಕೆ ಏರಿಸಿದ್ದರ ಉದ್ದೇಶ ನನಗೆ ಅರ್ಥವಾಗುತ್ತದೆ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ ವಾಹನಕ್ಕೆ ವಿಂಟೇಜ್ ಮನ್ನಣೆಯುಂಟು. ನಮ್ಮ ಪದ್ಮಿನಿ ಗುಜರಿಗೂ ಗೌರವಕ್ಕೂ ನಡುವೆ ನಿಂತಿದೆ. ನನ್ನ ಕಳವಳ ಕಾರಿನ ಬಗೆಗಲ್ಲ, ಅದನ್ನು ಸರಿಪಡಿಸಬಲ್ಲ ಕೈಗಳ ಬಗೆಗೆ. ಈಗಿನ ಕಾರುಗಳಲ್ಲಿ ಬಾಗಿಲು ಜಖಂ ಆದರೆ ಅನೇಕ ವೇಳೆ ಅದನ್ನೇ ಬದಲಿಸುತ್ತಾರೆ, ವೆಚ್ಚವನ್ನು ವಿಮೆ ಭರಿಸುತ್ತದೆ. ಮೇಸ್ತ್ರಿಯವರ ಬಳಿ ಕಲಿಯಲು ಬಂದ ಕೊನೆಯ ಹುಡುಗ ಈಗ ಮನೆಬಾಗಿಲಿಗೆ ಊಟ ತಲುಪಿಸುವ ಕೆಲಸದಲ್ಲಿದ್ದಾನೆ. ಅವನನ್ನು ದೂರುವಂತಿಲ್ಲ. ಅಲ್ಲಿ ದಿನದ ಸಂಪಾದನೆ ಅಂದೇ ಕಾಣುತ್ತದೆ, ಇಲ್ಲಿ ಕೈ ಹದಗೊಳ್ಳಲು ವರ್ಷಗಳು ಬೇಕು. ನಮ್ಮ ಐಟಿಐಗಳು ಈ ಹಿರಿಯರನ್ನು ವಾರಕ್ಕೆರಡು ದಿನ ಗೌರವಧನ ಕೊಟ್ಟು ಕರೆಸಿಕೊಂಡರೆ ಆಗುವ ಖರ್ಚು ಅತ್ಯಲ್ಪ. ಅವರ ಕಾಲಾನಂತರ ಎಷ್ಟು ಹಣ ಸುರಿದರೂ ಆ ವಿದ್ಯೆ ಮರಳದು.

ಕಾರನ್ನು ಒಪ್ಪಿಸುವಾಗ ಮೇಸ್ತ್ರಿಯವರು ಕೂಲಿಯ ಜೊತೆಗೆ ಒಂದು ಮಾತನ್ನೂ ಪಡೆದುಕೊಂಡರು: ಪ್ರತಿ ಮಳೆಗಾಲಕ್ಕೆ ಮುನ್ನ ಬಾಗಿಲಿನ ತಳದ ರಂಧ್ರಗಳನ್ನು ನಾನೇ ತಂತಿಯಿಂದ ಬಿಡಿಸಬೇಕು. ನಾಲ್ಕೂ ಬಾಗಿಲುಗಳಿಗೆ ಹತ್ತು ನಿಮಿಷ ಸಾಕು. ಈ ವರ್ಷ ಮಾಡಿದ್ದೇನೆ. ಮೂವತ್ತು ವರ್ಷಗಳ ಹಿಂದೆಯೇ ಮಾಡಬಹುದಿತ್ತು.