ಕೆಂಡದ ಮೇಲೆ ಚೀಸ್-ಆಲೂಗೆಡ್ಡೆ: ಗೆಡ್ಡೆಯ ಆಯ್ಕೆ, ಬೇಯಿಸುವ ಕ್ರಮ ಮತ್ತು ಎಚ್ಚರಿಕೆ

ಒಲೆಯ ಬಿಸಿಬೂದಿಯಲ್ಲಿ ಗೆಣಸು ಹೂತು ಸುಟ್ಟು ತಿನ್ನುವುದು ಕರ್ನಾಟಕದ ಹಳ್ಳಿಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಅಮೆರಿಕದಲ್ಲಿ ಕಾಡುಮೇಡುಗಳಲ್ಲಿ ಡೇರೆ ಹಾಕಿ ತಂಗುವವರು ಮತ್ತು ಸ್ಕೌಟ್ ಮಕ್ಕಳು ಶಿಬಿರಾಗ್ನಿಯ ಕೆಂಡದ ಮೇಲೆ ಆಲೂಗೆಡ್ಡೆಯನ್ನು ಬೇರೊಂದು ರೀತಿಯಲ್ಲಿ ಬೇಯಿಸುತ್ತಾರೆ. ಹೆಚ್ಚಿದ ಗೆಡ್ಡೆಗೆ ಈರುಳ್ಳಿ, ಬೆಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ ಬೆರೆಸಿ, ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಪೊಟ್ಟಣ ಕಟ್ಟಿ, ಬೆಂದ ಮೇಲೆ ಚೀಸ್ ಹಾಕಿ ಕರಗಿಸಿ ತಿನ್ನುತ್ತಾರೆ. ಅಲ್ಲಿ ರೆನಾಲ್ಡ್ಸ್ ಕಂಪನಿಯು 1947ರಲ್ಲಿ ಮನೆಬಳಕೆಯ ಫಾಯಿಲ್ ಸುರುಳಿಯನ್ನು ಮಾರುಕಟ್ಟೆಗೆ ತಂದಿತು. ಪಾತ್ರೆ ಬೇಡ, ತೊಳೆಯುವ ಕೆಲಸವಿಲ್ಲ ಎಂಬ ಅನುಕೂಲದಿಂದ ಈ ಪದ್ಧತಿ ಜನಪ್ರಿಯವಾಯಿತು. ನೋಡಲು ಸುಲಭವಾದ ಈ ಅಡಿಗೆಯಲ್ಲಿ ಆಲೂಗೆಡ್ಡೆ ಬೆಳೆಯುವವರೂ ತಿಳಿಯಬೇಕಾದ ವಿಷಯಗಳು ಹಲವಾರಿವೆ. ಅವುಗಳಲ್ಲಿ ಒಂದು ಪ್ರಾಣಕ್ಕೆ ಸಂಬಂಧಪಟ್ಟದ್ದು.

ಗೆಡ್ಡೆಯ ಆಯ್ಕೆ

ಆಲೂಗೆಡ್ಡೆಯ ತೂಕದಲ್ಲಿ ಸುಮಾರು ಶೇಕಡ 80ರಷ್ಟು ನೀರಿರುತ್ತದೆ. ಉಳಿದ ಒಣಪದಾರ್ಥದ ಬಹುಭಾಗ ಪಿಷ್ಟ. ಬೇಯಿಸಿದಾಗ ಗೆಡ್ಡೆ ಹೇಗೆ ವರ್ತಿಸುತ್ತದೆ ಎಂಬುದು ಮುಖ್ಯವಾಗಿ ಈ ಒಣಪದಾರ್ಥವನ್ನು ಅವಲಂಬಿಸಿದೆ. ಒಣಪದಾರ್ಥ ಹೆಚ್ಚಿರುವ ಗೆಡ್ಡೆಯಲ್ಲಿ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಜೀವಕೋಶಗಳು ಒಂದರಿಂದೊಂದು ಬಿಡಿಸಿಕೊಳ್ಳುತ್ತವೆ. ಗೆಡ್ಡೆ ಹಿಟ್ಟುಹಿಟ್ಟಾಗಿ ಅರಳುತ್ತದೆ. ಒಣಪದಾರ್ಥ ಕಡಿಮೆ ಇರುವ ಗೆಡ್ಡೆ ಬೆಂದರೂ ಹೋಳು ಹೋಳಾಗಿಯೇ ಉಳಿದು ಅಂಟಂಟಾಗಿರುತ್ತದೆ. ಇಡೀ ಗೆಡ್ಡೆಯನ್ನು ಸಿಪ್ಪೆಸಮೇತ ಸುಡಲು ಮೊದಲನೆಯದು ಉತ್ತಮ. ಅಮೆರಿಕದ ಐಡಾಹೊ ಸಂಸ್ಥಾನದಲ್ಲಿ ಹೆಸರುವಾಸಿಯಾದ ರಸೆಟ್ ಬರ್ಬ್ಯಾಂಕ್ ಈ ಬಗೆಯದು. ಲೂಥರ್ ಬರ್ಬ್ಯಾಂಕ್ ಎಂಬುವರು 1870ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಆಲೂಗೆಡ್ಡೆಯ ಕಾಯಿಯ ಬೀಜದಿಂದ ಬೆಳೆಸಿದ ತಳಿಯಿಂದ ಇದು ಬಂದದ್ದು. ಚೀಸ್ ಹಾಕುವ ಹೋಳುಗಳ ಪೊಟ್ಟಣಕ್ಕಾದರೆ ಮಧ್ಯಮ ಒಣಪದಾರ್ಥದ ಗೆಡ್ಡೆಯೇ ಲೇಸು. ಹಾಸನದ ಸೀಮೆಯಲ್ಲಿ ಬಹುಕಾಲದಿಂದ ಬೆಳೆಯುತ್ತ ಬಂದಿರುವ, 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಇದಕ್ಕೆ ಸಾಕು.

ಗೆಡ್ಡೆ ಯಾವ ಬಗೆಯದೆಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಒಂದು ಲೀಟರ್ ನೀರಿಗೆ 110 ಗ್ರಾಂ ಉಪ್ಪು ಹಾಕಿ ಪೂರ್ತಿ ಕರಗಿಸಿ, ಮಣ್ಣು ತೊಳೆದ ಗೆಡ್ಡೆಯನ್ನು ಅದರಲ್ಲಿ ಬಿಡಬೇಕು. ಈ ದ್ರಾವಣದ ಸಾಪೇಕ್ಷ ಸಾಂದ್ರತೆ ಸುಮಾರು 1.07. ಮುಳುಗಿದ ಗೆಡ್ಡೆ ಹಿಟ್ಟಿನ ಬಗೆಯದು. ತೇಲಿದ್ದು ನೀರಿನಂಶ ಹೆಚ್ಚಿರುವ ಬಗೆಯದು. ಗೆಡ್ಡೆಯ ಒಳಗೆ ಪೊಳ್ಳು ಇದ್ದರೂ ತೇಲುತ್ತದೆಯಾದ್ದರಿಂದ ಒಂದೆರಡನ್ನು ಕೊಯ್ದು ನೋಡುವುದು ಒಳ್ಳೆಯದು.

ಒಂದೇ ತಳಿಯಾದರೂ ಒಂದು ಹೊಲದ ಗೆಡ್ಡೆ ಮುಳುಗಿ ಇನ್ನೊಂದು ಹೊಲದ್ದು ತೇಲುವುದುಂಟು. ಸಾರಜನಕ ಅತಿಯಾದರೆ, ಮ್ಯೂರಿಯೇಟ್ ಆಫ್ ಪೊಟ್ಯಾಷನ್ನು ಅಗತ್ಯಕ್ಕಿಂತ ಹೆಚ್ಚು ಹಾಕಿದರೆ, ಅಥವಾ ಗೆಡ್ಡೆ ಬಲಿಯುವ ಮುನ್ನವೇ ಅಂಗಮಾರಿ ರೋಗದಿಂದ ಸೊಪ್ಪು ಒಣಗಿಹೋದರೆ ಒಣಪದಾರ್ಥ ಕಡಿಮೆಯಾಗುತ್ತದೆ. ಶೈತ್ಯಾಗಾರದಲ್ಲಿ 2 ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಗೆಡ್ಡೆಯಲ್ಲಿ ಪಿಷ್ಟದ ಒಂದು ಭಾಗ ಸಕ್ಕರೆಯಾಗಿ ಮಾರ್ಪಡುವುದರಿಂದ ಅದು ಸಿಹಿಯಾಗಿ, ಕೆಂಡದ ಬಿಸಿಗೆ ಬೇಗ ಕಪ್ಪಾಗುತ್ತದೆ. ಅಂಥ ಗೆಡ್ಡೆಯನ್ನು ಹೊರಗೆ ತೆಗೆದು ಒಂದೆರಡು ವಾರ ಕತ್ತಲೆಯಲ್ಲಿ, ಸಾಧಾರಣ ಹವೆಯಲ್ಲಿ ಇಟ್ಟರೆ ಸಿಹಿ ಸ್ವಲ್ಪಮಟ್ಟಿಗೆ ಇಳಿಯುತ್ತದೆ.

ಹಸಿರು ಬಣ್ಣಕ್ಕೆ ತಿರುಗಿದ ಗೆಡ್ಡೆಯನ್ನು ಮಾತ್ರ ಯಾವ ಕಾರಣಕ್ಕೂ ಉಪಯೋಗಿಸಕೂಡದು. ಹಸಿರು ಬಣ್ಣ ಪತ್ರಹರಿತ್ತಿನದು, ಅದು ತಾನಾಗಿ ವಿಷವಲ್ಲ. ಆದರೆ ಅದನ್ನು ಉಂಟುಮಾಡುವ ಬೆಳಕೇ ಸೊಲನಿನ್ ಮುಂತಾದ ಕಹಿ ವಿಷಪದಾರ್ಥಗಳನ್ನೂ ಹೆಚ್ಚಿಸುತ್ತದೆ. 100 ಗ್ರಾಂ ಗೆಡ್ಡೆಯಲ್ಲಿ ಇವು 20 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಿತಿ. ಬೇಯಿಸಿದರೂ ಸುಟ್ಟರೂ ಈ ವಿಷ ನಾಶವಾಗುವುದಿಲ್ಲ. ಹಿಂದೊಮ್ಮೆ ಲಂಡನ್ನಿನ ಶಾಲೆಯೊಂದರಲ್ಲಿ ಬೇಸಿಗೆಯಿಂದ ಉಳಿದಿದ್ದ ಆಲೂಗೆಡ್ಡೆಯನ್ನು ಉಂಡ 78 ಬಾಲಕರು ಕಾಯಿಲೆ ಬಿದ್ದರು. ಅವರಲ್ಲಿ 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹೊಲದಲ್ಲಿ ಸಕಾಲಕ್ಕೆ ಬುಡಕ್ಕೆ ಮಣ್ಣು ಏರಿಸುವುದು, ಅಗೆದ ಗೆಡ್ಡೆಯನ್ನು ಬಿಸಿಲಿನಲ್ಲಿ ಬಿಡದೆ ನೆರಳಿಗೆ ಸಾಗಿಸಿ ಮುಚ್ಚಿಡುವುದು ಇದಕ್ಕೆ ಪರಿಹಾರ.

ಫಾಯಿಲ್ ಒಳಗೆ ನಡೆಯುವುದೇನು?

ಬೂದಿಯಲ್ಲಿ ಹೂತ ಗೆಡ್ಡೆ ಸುಡುತ್ತದೆ. ಫಾಯಿಲ್‌ನಲ್ಲಿ ಕಟ್ಟಿದ ಗೆಡ್ಡೆ ತನ್ನದೇ ಹಬೆಯಲ್ಲಿ ಬೇಯುತ್ತದೆ. ಹಬೆ ಹೊರಹೋಗಲು ದಾರಿಯಿಲ್ಲದ ಕಾರಣ ಒಳಗಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ, ಸಿಪ್ಪೆ ಗರಿಗರಿಯಾಗದೆ ತೇವವಾಗಿ ಉಳಿಯುತ್ತದೆ. ಗರಿಗರಿ ಬೇಕೆನ್ನುವವರು ಕಡೆಯ ಹತ್ತು ನಿಮಿಷ ಪೊಟ್ಟಣದ ಬಾಯಿ ತೆರೆದಿಡಬೇಕು. ಹೊಳೆಯುವ ಮಗ್ಗುಲು ಒಳಕ್ಕಿರಬೇಕೋ ಹೊರಕ್ಕಿರಬೇಕೋ ಎಂಬ ಚರ್ಚೆ ಮಾತ್ರ ವ್ಯರ್ಥ. ಕಾರ್ಖಾನೆಯಲ್ಲಿ ಕೊನೆಯ ಸಲ ಎರಡು ಹಾಳೆಗಳನ್ನು ಜೊತೆಯಾಗಿ ಒತ್ತುವಾಗ ಉರುಳೆಗೆ ತಾಗಿದ ಮಗ್ಗುಲು ಹೊಳೆಯುತ್ತದೆ, ಹಾಳೆಗೆ ಹಾಳೆ ತಾಗಿದ ಮಗ್ಗುಲು ಮಂಕಾಗುತ್ತದೆ. ಅಡಿಗೆಯಲ್ಲಿ ಇದರಿಂದ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವಿಲ್ಲ. ಟೊಮ್ಯಾಟೊ, ನಿಂಬೆರಸ, ಹುಣಿಸೆಹಣ್ಣು ಮುಂತಾದ ಹುಳಿ ಪದಾರ್ಥಗಳು ಅಲ್ಯೂಮಿನಿಯಂ ಅನ್ನು ಕೊರೆಯುವುದರಿಂದ ಅವನ್ನು ಬಡಿಸಿದ ಮೇಲೆ ಸೇರಿಸುವುದು ಯುಕ್ತ.

ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಗಾಳಿ ಬೀಸಿದಾಗ ನಿಗಿನಿಗಿ ಹೊಳೆಯುವ ಸೌದೆಯ ಕೆಂಡ ಇದನ್ನು ಮೀರುವುದುಂಟು. ಆದ್ದರಿಂದ ಉರಿಯುವ ಜ್ವಾಲೆಯಲ್ಲಿ ಪೊಟ್ಟಣ ಇಡಕೂಡದು. ಜ್ವಾಲೆ ಇಳಿದು, ಕೆಂಡದ ಮೇಲೆ ಬಿಳಿಯ ಬೂದಿ ಕವಿದ ಮೇಲೆ, ಎರಡು ಪದರ ಫಾಯಿಲ್ ಸುತ್ತಿ ಇಡಬೇಕು.

ಬೇಯಿಸುವ ಕ್ರಮ

ಶಾಖವು ಗೆಡ್ಡೆಯ ನಡುವನ್ನು ತಲುಪಲು ಬೇಕಾಗುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ದಪ್ಪ ಅರ್ಧವಾದರೆ ಕಾಲ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಮುಷ್ಟಿಗಾತ್ರದ ಇಡೀ ಗೆಡ್ಡೆಗೆ ಸುಮಾರು ಒಂದು ಗಂಟೆ ಹಿಡಿದರೆ, ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳ ಪೊಟ್ಟಣ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಬೇಯುತ್ತದೆ. ಬಿಲ್ಲೆಗಳನ್ನು ಒತ್ತೊತ್ತಾಗಿ ತುಂಬಿದರೆ ಹಬೆ ನುಸುಳಲು ಜಾಗವಿಲ್ಲದೆ ಇಡೀ ಪೊಟ್ಟಣವೇ ಒಂದು ದೊಡ್ಡ ಗೆಡ್ಡೆಯಂತಾಗುತ್ತದೆ. ತೆಳ್ಳಗೆ ಹರಡಿ ಕಟ್ಟಿ, ಹತ್ತು ನಿಮಿಷಕ್ಕೊಮ್ಮೆ ಇಕ್ಕಳದಿಂದ ಮಗುಚಬೇಕು. ಕೆಂಡ ತೀರ ಮಂದವಾಗಿರುವುದೂ ಒಳ್ಳೆಯದಲ್ಲ. ಗೆಡ್ಡೆ 55 ರಿಂದ 70 ಡಿಗ್ರಿಯ ನಡುವೆ ಬಹಳ ಹೊತ್ತು ಉಳಿದರೆ ಅದರಲ್ಲಿರುವ ಒಂದು ಕಿಣ್ವವು ಜೀವಕೋಶಗಳ ನಡುವಣ ಪೆಕ್ಟಿನನ್ನು ಗಟ್ಟಿಗೊಳಿಸುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಗೆಡ್ಡೆ ಮೆತ್ತಗಾಗುವುದು ಕಷ್ಟ.

ಚೀಸನ್ನು ಕೆಲವು ಪುಸ್ತಕಗಳಲ್ಲಿ ಗಿಣ್ಣು ಎಂದು ಬರೆಯುವ ರೂಢಿಯಿದ್ದರೂ, ಈದ ಹಸುವಿನ ಮೊದಲ ಹಾಲಿನಿಂದ ಮಾಡುವ ಗಿಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಚೆಡ್ಡಾರ್ ಮುಂತಾದ ಚೀಸ್‌ಗಳನ್ನು ರೆನ್ನೆಟ್ ಎಂಬ ಕಿಣ್ವದಿಂದ ಹೆಪ್ಪುಗಟ್ಟಿಸುತ್ತಾರೆ. ಅವುಗಳಲ್ಲಿ ಹಾಲಿನ ಸಸಾರಜನಕವನ್ನು ಸುಣ್ಣದಂಶ ಹಿಡಿದಿರುತ್ತದೆ. ಬಿಸಿಗೆ ಈ ಹಿಡಿತ ಸಡಿಲವಾಗಿ ಚೀಸ್ ಹರಿಯುತ್ತದೆ. ಕುದಿಯುವ ಹಾಲಿಗೆ ಹುಳಿ ಹಿಂಡಿ ಒಡೆಸಿ ಮಾಡಿದ ಪನೀರ್ ಹೀಗಲ್ಲ. ಹುಳಿಯು ಸುಣ್ಣದಂಶವನ್ನು ಕಸಿದುಕೊಂಡಿರುವುದರಿಂದ ಅದು ಕಾಯಿಸಿದಷ್ಟೂ ಗಟ್ಟಿಯಾಗುತ್ತದೆಯೇ ಹೊರತು ಕರಗುವುದಿಲ್ಲ. ಚೀಸನ್ನು ಮೊದಲೇ ಹಾಕಿದರೆ ಜಿಡ್ಡು ಬೇರೆಯಾಗಿ, ಉಳಿದದ್ದು ರಬ್ಬರಿನಂತಾಗುತ್ತದೆ. ಗೆಡ್ಡೆ ಬೆಂದ ಮೇಲೆ ತುರಿದು ಉದುರಿಸಿ ಎರಡು ಮೂರು ನಿಮಿಷ ಮುಚ್ಚಿಟ್ಟರೆ ಸಾಕು.

ಉಳಿದ ಪೊಟ್ಟಣದ ಅಪಾಯ

ಎಲ್ಲಕ್ಕಿಂತ ಮುಖ್ಯವಾಗಿ ಗಮನಿಸತಕ್ಕದ್ದು ಇದು. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್ ಎಂಬ ದುಂಡಾಣುವಿನ ಬೀಜಾಣುಗಳಿರುತ್ತವೆ. ಮಣ್ಣಿನೊಳಗೆ ಬೆಳೆಯುವ ಗೆಡ್ಡೆಯ ಸಿಪ್ಪೆಗೆ ಅವು ಅಂಟಿಕೊಂಡಿರುವುದು ಸಹಜ; ತೊಳೆದರೆ ಕಡಿಮೆಯಾಗುತ್ತವೆ, ಪೂರ್ತಿ ಹೋಗುವುದಿಲ್ಲ. 100 ಡಿಗ್ರಿಯ ಬಿಸಿಗೆ ಇವು ಸಾಯುವುದಿಲ್ಲ. ಇವನ್ನು ಕೊಲ್ಲಲು ಒತ್ತಡದ ಪಾತ್ರೆಯಲ್ಲಿ 121 ಡಿಗ್ರಿಯಷ್ಟು ಶಾಖ ಬೇಕು. ಗಾಳಿಯಿರುವ ಕಡೆ ಇವು ಸುಮ್ಮನಿರುತ್ತವೆ. ಆದರೆ ಬಿಗಿಯಾಗಿ ಸುತ್ತಿದ ಫಾಯಿಲ್‌ನೊಳಗೆ ಗಾಳಿ ಕಡಿಮೆ, ತೇವ ಹೆಚ್ಚು, ಹುಳಿಯಿಲ್ಲ. ಬೆಂದ ಗೆಡ್ಡೆ ಬೆಚ್ಚಗೆ ಅಲ್ಲಿಯೇ ಉಳಿದರೆ ಬೀಜಾಣು ಮೊಳೆತು, ತಿಳಿದಿರುವ ವಿಷಗಳಲ್ಲೆಲ್ಲ ಅತ್ಯಂತ ಘೋರವಾದುದನ್ನು ತಯಾರಿಸುತ್ತದೆ.

ಇದು ಬರಿಯ ಶಂಕೆಯಲ್ಲ. 1994ರ ಏಪ್ರಿಲ್‌ನಲ್ಲಿ ಟೆಕ್ಸಾಸ್ ಸಂಸ್ಥಾನದ ಎಲ್ ಪಾಸೊ ನಗರದ ಹೋಟೆಲೊಂದರಲ್ಲಿ ಫಾಯಿಲ್ ಸುತ್ತಿ ಬೇಯಿಸಿದ ಆಲೂಗೆಡ್ಡೆಗಳನ್ನು ಹಲವು ದಿನ ಹಾಗೆಯೇ ಹೊರಗಿಟ್ಟು, ನಂತರ ಅವುಗಳಿಂದ ಗೊಜ್ಜಿನಂಥ ವ್ಯಂಜನ ತಯಾರಿಸಲಾಯಿತು. 30 ಮಂದಿ ಬಾಟ್ಯುಲಿಸಂಗೆ ತುತ್ತಾದರು. ಕೆಲವರಿಗೆ ಉಸಿರಾಟದ ಯಂತ್ರ ಹಾಕಬೇಕಾಯಿತು. ರೆಪ್ಪೆ ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲಾಗದಿರುವುದು ಈ ರೋಗದ ಲಕ್ಷಣಗಳು. ಸಾಮಾನ್ಯವಾಗಿ 12 ರಿಂದ 36 ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಜ್ವರವಿಲ್ಲವೆಂದು ಅಲಕ್ಷ್ಯ ಮಾಡದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು. ಪ್ರತಿವಿಷವನ್ನು ಬೇಗ ಕೊಟ್ಟಷ್ಟೂ ಪ್ರಯೋಜನ ಹೆಚ್ಚು.

ಬೆಂದ ಗೆಡ್ಡೆಯನ್ನು ಬಿಸಿಯಾಗಿಯೇ ತಿಂದರೆ ಈ ಭಯವಿಲ್ಲ. ಉಳಿದರೆ ಫಾಯಿಲ್ ಬಿಚ್ಚಿ, ಅಗಲವಾದ ತಟ್ಟೆಯಲ್ಲಿ ಹರಡಿ, ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಬೇಕು. ಫ್ರಿಜ್ ಇಲ್ಲದ ಕಡೆ, ಡೇರೆಯಲ್ಲಾಗಲಿ ತೋಟದ ಮನೆಯಲ್ಲಾಗಲಿ, ಬೇಕಾದಷ್ಟನ್ನೇ ಬೇಯಿಸಬೇಕು. ರಾತ್ರಿಯಿಡೀ ಪೊಟ್ಟಣದಲ್ಲಿಯೇ ಉಳಿದದ್ದನ್ನು ವಾಸನೆ ನೋಡಿ ನಿರ್ಧರಿಸಲಾಗದು, ಏಕೆಂದರೆ ಈ ವಿಷಕ್ಕೆ ವಾಸನೆಯಿಲ್ಲ. ಅದನ್ನು ದನಗಳಿಗೂ ಹಾಕಕೂಡದು. ಈ ರೋಗ ದನಗಳಿಗೂ ತಗಲುತ್ತದೆ.

ಅಡಿಗೆ ಮುಗಿದ ಮೇಲೆ ಫಾಯಿಲ್ ಚೂರುಗಳನ್ನು ಆರಿಸಿ ತೆಗೆಯಬೇಕು. ಅವು ತಿಪ್ಪೆಯಲ್ಲಿ ಕೊಳೆಯುವುದಿಲ್ಲ, ದನದ ಹೊಟ್ಟೆ ಸೇರಿದರೆ ಕೇಡು. ಸೌದೆಯ ಬೂದಿ ಪೊಟ್ಯಾಷ್ ಗೊಬ್ಬರವಾಗಿ ಬಾಳೆ, ತೆಂಗಿಗೆ ಒಳ್ಳೆಯದು. ಆದರೆ ಅದು ಮಣ್ಣಿನ ಹುಳಿಯನ್ನು ತಗ್ಗಿಸಿ ಗೆಡ್ಡೆಯ ಕಜ್ಜಿ ರೋಗಕ್ಕೆ ಅನುಕೂಲ ಮಾಡಿಕೊಡುವುದರಿಂದ, ಮುಂದಿನ ಆಲೂಗೆಡ್ಡೆ ಹೊಲಕ್ಕೆ ಅದನ್ನು ಹೆಚ್ಚಾಗಿ ಚೆಲ್ಲಕೂಡದು.